ಹದಿನೈದು ಸಾವಿರ ಇದೆ, ಪಲ್ಸರ್‌ಗೆ ಏನು ಹಾಕಿಸಲಿ?

ಪ್ರಶ್ನೆ: ಸರ್, ನನ್ನ ಹತ್ತಿರ 2014ರ ಪಲ್ಸರ್ 150 ಇದೆ. ಮಾವನಿಂದ ಬಂದ ಗಾಡಿ, ಮೀಟರ್ 62,000 ಕಿ.ಮೀ. ತೋರಿಸುತ್ತಿದೆ. ನಾನು ಸಕಲೇಶಪುರದವನು, ಹೆಂಡತಿಯ ತವರು ಮಂಗಳೂರು. ಹಾಗಾಗಿ ತಿಂಗಳಿಗೆ ಎರಡು ಸಲವಾದರೂ ಶಿರಾಡಿ ಘಾಟಿ ಇಳಿದು ಹತ್ತುತ್ತೇವೆ. ಯಾವಾಗಲೂ ಡಬಲ್ಸ್, ಜೊತೆಗೊಂದು ಬ್ಯಾಗು. ಹತ್ತುವಾಗ ಗಾಡಿ ಎಳೆಯುವುದೇ ಇಲ್ಲ. ನಾಲ್ಕನೇ ಗೇರಿನಲ್ಲಿ ಉಸಿರು ಕಟ್ಟಿದ ಹಾಗಾಗಿ ಟಕಟಕ ಅನ್ನುತ್ತದೆ. ಟ್ಯಾಂಕರ್ ಹಿಂದೆ ಸಿಕ್ಕಿಕೊಂಡರೆ ಓವರ್‌ಟೇಕ್ ಮಾಡುವ ಧೈರ್ಯ ಬರುವುದಿಲ್ಲ. ಮೈಲೇಜೂ 45ರಿಂದ 36ಕ್ಕೆ ಇಳಿದಿದೆ. 15,000 ರೂಪಾಯಿ ಎತ್ತಿಟ್ಟಿದ್ದೇನೆ. ಗೆಳೆಯ ಒಂದು ಪಟ್ಟಿ ಕೊಟ್ಟಿದ್ದಾನೆ: ಫ್ರೀ ಫ್ಲೋ ಸೈಲೆನ್ಸರ್, ತೊಳೆದು ಹಾಕುವ ಏರ್ ಫಿಲ್ಟರ್, ಇರಿಡಿಯಂ ಪ್ಲಗ್, ರೇಸಿಂಗ್ ಸಿಡಿಐ (ಪ್ಲಗ್ ಯಾವಾಗ ಕಿಡಿ ಹೊಡೆಯಬೇಕು ಅಂತ ನಿರ್ಧರಿಸುವ ಎಲೆಕ್ಟ್ರಾನಿಕ್ ಡಬ್ಬಿ). ಇನ್ನೊಬ್ಬ ಪಲ್ಸರ್ 180ರ ಬ್ಲಾಕ್ (ಪಿಸ್ಟನ್ ಓಡುವ ಸಿಲಿಂಡರ್) ಹಾಕಿಸು ಅಂತಾನೆ. ಮುಂದಿನ ಸ್ಪ್ರಾಕೆಟ್ (ಚೈನಿನ ಹಲ್ಲುಗಾಲಿ) ಒಂದು ಹಲ್ಲು ಕಡಿಮೆ ಮಾಡಿದರೆ ಸಾಕು ಅಂತ ಮೂರನೆಯವನು. ದುಡ್ಡು ಯಾವುದಕ್ಕೆ ಹಾಕಲಿ?

ಉತ್ತರ: ನೀವು ಕೇಳಿದ್ದು ಒಂದು ಪ್ರಶ್ನೆ ಅಂದುಕೊಂಡಿದ್ದೀರಿ, ಆದರೆ ಪತ್ರದಲ್ಲಿ ಎರಡಿವೆ. ಗಾಡಿಗೆ ಇದ್ದ ಶಕ್ತಿ ಎಲ್ಲಿ ಹೋಯಿತು ಅನ್ನೋದು ಒಂದು. ಇದ್ದದ್ದಕ್ಕಿಂತ ಜಾಸ್ತಿ ಶಕ್ತಿ ಬರಿಸೋದು ಹೇಗೆ ಅನ್ನೋದು ಇನ್ನೊಂದು. ನಿಮ್ಮ ಗೆಳೆಯರು ಮೂವರೂ ಎರಡನೆಯದಕ್ಕೆ ಉತ್ತರ ಕೊಟ್ಟಿದ್ದಾರೆ. ಮೊದಲನೆಯದನ್ನು ಯಾರೂ ಕೇಳಿಯೇ ಇಲ್ಲ.

ನನಗೆ ಕಣ್ಣಿಗೆ ಬಿದ್ದಿದ್ದು ಮೈಲೇಜು. 45 ಕೊಡುತ್ತಿದ್ದ ಗಾಡಿ 36ಕ್ಕೆ ಬಂದಿದೆ ಅಂದರೆ ಐದರಲ್ಲಿ ಒಂದು ಪಾಲು ಪೆಟ್ರೋಲ್ ಎಲ್ಲೋ ದಂಡವಾಗುತ್ತಿದೆ. ಸುಟ್ಟ ಪೆಟ್ರೋಲ್ ಚಕ್ರಕ್ಕೆ ಬರುತ್ತಿಲ್ಲ, ಇಲ್ಲವೇ ಸರಿಯಾಗಿ ಸುಡುತ್ತಲೇ ಇಲ್ಲ. ಇಂಥ ಗಾಡಿಗೆ ಹೊಸ ಸೈಲೆನ್ಸರ್ ಹಾಕಿಸೋದು ಜ್ವರ ಬಂದವನಿಗೆ ಹೊಸ ಶರ್ಟ್ ತೊಡಿಸಿದ ಹಾಗೆ. ಮೈಸೂರಿನ ನನ್ನ ಗ್ಯಾರೇಜಿಗೆ ‘ಪಿಕಪ್ ಜಾಸ್ತಿ ಮಾಡಿಕೊಡಿ’ ಅಂತ ಬರೋ ಹಳೇ ಗಾಡಿಗಳಲ್ಲಿ ಮುಕ್ಕಾಲು ಪಾಲಿಗೆ ಬೇಕಾಗಿರೋದು ರಿಪೇರಿ, ಮಾಡಿಫಿಕೇಶನ್ ಅಲ್ಲ. ಹಾಗಂದರೆ ಕೆಲವರಿಗೆ ಬೇಜಾರಾಗುತ್ತೆ, ಏನು ಮಾಡೋದು.

ಮೊದಲು ಒಂದು ಲೆಕ್ಕ ನೋಡೋಣ, ಇದು ಗೊತ್ತಾದರೆ ಮುಂದಿನದೆಲ್ಲ ಸುಲಭ. ನಿಮ್ಮ ಗಾಡಿ ತೂಕ 144 ಕೆ.ಜಿ. ಆಸುಪಾಸು. ನೀವಿಬ್ಬರು ಮತ್ತು ಬ್ಯಾಗು ಸೇರಿ 140 ಅಂತ ಇಟ್ಟುಕೊಳ್ಳಿ. ಒಟ್ಟು 285. ನೂರು ಮೀಟರಿಗೆ ಆರು ಮೀಟರ್ ಏರುವ ರಸ್ತೆಯಲ್ಲಿ ಗಂಟೆಗೆ 50 ಕಿ.ಮೀ. ವೇಗದಲ್ಲಿ ಇಷ್ಟು ತೂಕ ಹತ್ತಿಸೋಕೆ ಬರೀ ಎತ್ತೋ ಕೆಲಸಕ್ಕೇ ಸುಮಾರು 3 ಕುದುರೆ ಶಕ್ತಿ ಬೇಕು. ಗಾಳಿ ತಳ್ಳೋಕೆ, ಟಯರ್ ಉರುಳಿಸೋಕೆ ಇನ್ನೆರಡು. ಚೈನು, ಗೇರಲ್ಲಿ ಕಳೆದುಹೋಗೋದು ಸೇರಿಸಿದರೆ ಎಂಜಿನ್ ಹತ್ತಿರ ಹತ್ತಿರ 6 ಕೊಡಬೇಕು.

ಕಂಪನಿ ಹೇಳೋದು 15 ಕುದುರೆ. ಮತ್ತೆ ಆರಕ್ಕೆ ಯಾಕೆ ಉಸಿರು ಕಟ್ಟುತ್ತೆ? ಯಾಕಂದ್ರೆ ಆ 15 ಬರೋದು ಎಂಜಿನ್ ನಿಮಿಷಕ್ಕೆ 9,000 ಸುತ್ತು ತಿರುಗಿದಾಗ, ಅಂದರೆ 9,000 ಆರ್‌ಪಿಎಂನಲ್ಲಿ. ಟಾರ್ಕ್ (ತಿರುಗಿಸೋ ಬಲ) ಅತಿ ಹೆಚ್ಚು, ಅಂದರೆ 12.5 ನ್ಯೂಟನ್ ಮೀಟರ್ ಇರೋದು 6,500ರಲ್ಲಿ, ಅಲ್ಲಿ ಎಂಜಿನ್ ಹನ್ನೊಂದೂವರೆ ಕುದುರೆ ಕೊಡುತ್ತೆ. ನಾಲ್ಕನೇ ಗೇರಿನಲ್ಲಿ 40ರ ವೇಗಕ್ಕೆ ಹತ್ತುತ್ತಿದ್ದೀರಿ ಅಂದರೆ ನಿಮ್ಮ ಆರ್‌ಪಿಎಂ ಮುಳ್ಳು 4,000ದ ಹತ್ತಿರ ಇರುತ್ತೆ. ಅಲ್ಲಿ ಎಂಜಿನ್ ಹೊಸದಾಗಿದ್ದಾಗಲೂ ಕೊಡುತ್ತಿದ್ದದ್ದು ಆರರ ಆಸುಪಾಸು ಅಷ್ಟೇ. ಇದರ ಮೇಲೆ ಎತ್ತರ ಬೇರೆ. ಸಾವಿರ ಮೀಟರ್ ಏರಿದರೆ ಗಾಳಿ ತೆಳುವಾಗಿ ಎಂಜಿನ್ ಶಕ್ತಿ ಸುಮಾರು ನೂರಕ್ಕೆ ಹತ್ತರಷ್ಟು ಕಡಿಮೆಯಾಗುತ್ತೆ. ಗುಂಡ್ಯದಿಂದ ಸಕಲೇಶಪುರಕ್ಕೆ ನೀವು ಸುಮಾರು 800 ಮೀಟರ್ ಏರುತ್ತೀರಿ. ಮೇಲೆ ಬಂದ ಹಾಗೆಲ್ಲ ಗಾಡಿ ಸೋತ ಹಾಗೆ ಅನ್ನಿಸೋದರಲ್ಲಿ ಒಂದು ಪಾಲು ಇದೇ, ಅದಕ್ಕೆ ಯಾವ ಮೆಕ್ಯಾನಿಕ್ಕೂ ಏನೂ ಮಾಡೋಕಾಗಲ್ಲ.

ಆ ಟಕಟಕ ಶಬ್ದ ಇದೆಯಲ್ಲ, ಅದು ಎಂಜಿನ್ ಬೈತಿರೋದು. ಕಡಿಮೆ ಆರ್‌ಪಿಎಂನಲ್ಲಿ ಥ್ರಾಟಲ್ ಪೂರ್ತಿ ಕೊಟ್ಟಾಗ ಪೆಟ್ರೋಲ್ ಮಿಶ್ರಣ ಸಮಯಕ್ಕೆ ಮೊದಲೇ, ಒಂದೇ ಏಟಿಗೆ ಸ್ಫೋಟಿಸಿ ಪಿಸ್ಟನ್ ತಲೆ ಮೇಲೆ ಸುತ್ತಿಗೆ ಏಟು ಬಿದ್ದ ಹಾಗಾಗುತ್ತೆ. ಅದು ಕೇಳಿಸಿದ ಕೂಡಲೇ ಒಂದು ಗೇರ್ ಇಳಿಸಿ. ಮೂರನೇ ಗೇರಿನಲ್ಲಿ 50ರ ಹತ್ತಿರ ಹೋದರೆ ಮುಳ್ಳು 6,000 ದಾಟುತ್ತೆ, ನೀವು ಬೇಡಿದ ಶಕ್ತಿ ಅಲ್ಲೇ ಕೂತಿದೆ. ‘ಅಷ್ಟು ಕೂಗಿಸಿದರೆ ಎಂಜಿನ್ ಹಾಳಾಗಲ್ವಾ ಸರ್’ ಅಂತ ಎಲ್ಲರೂ ಕೇಳುತ್ತಾರೆ. ಆಗಲ್ಲ. ಮುಳ್ಳು ಕೆಂಪು ಗೆರೆಗೆ ಹೋಗದಿದ್ದರೆ ಸಾಕು. ಚಿಕ್ಕ ಎಂಜಿನ್ ಮಾಡಿರೋದೇ ತಿರುಗಿಸಿ ಕೆಲಸ ತೆಗೆಯೋಕೆ. ಮೈಲೇಜ್ ಆಸೆಗೆ ಮೇಲಿನ ಗೇರಿನಲ್ಲಿ ಹಿಂಸೆ ಕೊಟ್ಟೇ ಹಾಳು ಮಾಡಿಕೊಂಡ ಎಂಜಿನ್‌ಗಳನ್ನು ನಾನು ಜಾಸ್ತಿ ಬಿಚ್ಚಿದ್ದೇನೆ.

ಸರಿ, ಈಗ ಕಳೆದುಹೋದ ಶಕ್ತಿಯನ್ನು ಹುಡುಕೋಣ.

ನಿಮ್ಮ ಗಾಡಿಗೆ ಎರಡು ಸ್ಪಾರ್ಕ್ ಪ್ಲಗ್ ಇವೆ, ಡಿಟಿಎಸ್-ಐ ಅಂದರೆ ಅದೇ. ಇದರಲ್ಲಿ ಒಂದು ಮಜಾ ಇದೆ. ಒಂದು ಪ್ಲಗ್ ಸತ್ತರೂ ಗಾಡಿ ಸ್ಟಾರ್ಟ್ ಆಗುತ್ತೆ, ಓಡುತ್ತೆ, ಊರೊಳಗೆ ಏನೂ ಗೊತ್ತಾಗಲ್ಲ. ಘಾಟಿಯಲ್ಲಿ ಮಾತ್ರ ಎಳೆಯಲ್ಲ, ಮೈಲೇಜ್ ಕುಸಿಯುತ್ತೆ. ನಿಮ್ಮ ಪತ್ರ ಓದುವಾಗಲೇ ನನ್ನ ಮೊದಲ ಅನುಮಾನ ಅಲ್ಲಿಗೆ ಹೋಯಿತು. ಎಷ್ಟೋ ಮಾಲೀಕರಿಗೆ ಇನ್ನೊಂದು ಬದಿಯಲ್ಲೂ ಪ್ಲಗ್ ಇದೆ ಅಂತಲೇ ಗೊತ್ತಿರಲ್ಲ. ಸರ್ವಿಸ್ ಮಾಡುವವರೂ ಕೈಗೆ ಸುಲಭಕ್ಕೆ ಸಿಗೋ ಒಂದನ್ನು ಬದಲಾಯಿಸಿ ಇನ್ನೊಂದನ್ನು ವರ್ಷಗಟ್ಟಲೆ ಹಾಗೇ ಬಿಟ್ಟಿರುತ್ತಾರೆ. ನೋಡೋದು ಹೀಗೆ: ಎಂಜಿನ್ ಆಫ್ ಮಾಡಿ ಒಂದು ಬದಿಯ ಕ್ಯಾಪ್ ತೆಗೆದು, ಅದಕ್ಕೆ ಬೇರೊಂದು ಪ್ಲಗ್ ಸಿಕ್ಕಿಸಿ, ಪ್ಲಗ್‌ನ ಲೋಹದ ಮೈ ಎಂಜಿನ್‌ಗೆ ತಾಗುವ ಹಾಗೆ ಇಟ್ಟು ಸ್ಟಾರ್ಟ್ ಮಾಡಿ. ಕೈಯಲ್ಲಿ ಹಿಡಿಯಬೇಡಿ, ಶಾಕ್ ಜೋರಾಗಿ ಹೊಡೆಯುತ್ತೆ. ಹೊರಗಿನ ಪ್ಲಗ್‌ನಲ್ಲಿ ನೀಲಿ ಕಿಡಿ ಬರಬೇಕು, ಗಾಡಿ ಇನ್ನೊಂದು ಪ್ಲಗ್ ಮೇಲೆ ಓಡಬೇಕು. ಆಮೇಲೆ ಅದೇ ಆಟ ಇನ್ನೊಂದು ಬದಿಗೆ. ಒಂದು ಬದಿಯ ಕ್ಯಾಪ್ ತೆಗೆದಾಗ ಗಾಡಿ ಸ್ಟಾರ್ಟೇ ಆಗದಿದ್ದರೆ ಇನ್ನೊಂದು ಬದಿಯಲ್ಲಿ ಕಳ್ಳ ಸಿಕ್ಕಿದ ಅಂತಲೇ. ಪ್ಲಗ್, ಕ್ಯಾಪ್, ಕಾಯಿಲ್, ಈ ಮೂರರಲ್ಲಿ ಒಂದು. ಪ್ಲಗ್ ಆದರೆ ನೂರಿನ್ನೂರು ರೂಪಾಯಿಯಲ್ಲಿ ಮುಗಿಯಿತು.

ಕ್ಲಚ್ ಎರಡನೆಯ ಅನುಮಾನ. 62,000 ಕಿ.ಮೀ. ಆಗಿದೆ, ಮಾವ ಪ್ಲೇಟ್ ಬದಲಾಯಿಸಿದ್ದರೋ ಇಲ್ಲವೋ ಕೇಳಿ. ಖಾಲಿ ರಸ್ತೆಯಲ್ಲಿ ನಾಲ್ಕನೇ ಗೇರಿನಲ್ಲಿ 40ರಲ್ಲಿ ಹೋಗುತ್ತಾ ಥ್ರಾಟಲ್ ಪೂರ್ತಿ ತಿರುಗಿಸಿ. ಆರ್‌ಪಿಎಂ ಮುಳ್ಳು ಜಿಗಿದು, ಸ್ಪೀಡ್ ಅದರ ಜೊತೆ ಏರದಿದ್ದರೆ ಕ್ಲಚ್ ಜಾರುತ್ತಿದೆ. ಘಾಟಿ ಹತ್ತಿ ನಿಲ್ಲಿಸಿದಾಗ ಸುಟ್ಟ ವಾಸನೆ ಬಂದರೂ ಅದೇ. ಇನ್ನೊಂದು, ಕಾರಿಗೆ ಹಾಕೋ ಎಂಜಿನ್ ಆಯಿಲ್ ಯಾರಾದರೂ ಬೈಕಿಗೆ ಹಾಕಿದ್ದರೆ ಹೊಸ ಪ್ಲೇಟೂ ಜಾರುತ್ತೆ. ಬೈಕಿನ ಕ್ಲಚ್ ಅದೇ ಆಯಿಲ್‌ನಲ್ಲಿ ನೆನೆದು ಕೆಲಸ ಮಾಡೋದು, ಕಾರಿನ ಆಯಿಲ್‌ನಲ್ಲಿ ನುಣುಪು ಮಾಡೋ ಮಸಾಲೆ ಜಾಸ್ತಿ.

ಕಾರ್ಬುರೇಟರ್ ಒಳಗೆ ಒಂದು ರಬ್ಬರ್ ಡಯಾಫ್ರಂ ಇದೆ, ಹಪ್ಪಳದಷ್ಟು ತೆಳು. ಅದರಲ್ಲಿ ಸೂಜಿಮೊನೆಯಷ್ಟು ತೂತಾದರೂ ಗಾಳಿಗೆ ದಾರಿ ಬಿಡೋ ಸ್ಲೈಡ್ ಪೂರ್ತಿ ಮೇಲೇಳಲ್ಲ. ನೀವು ಥ್ರಾಟಲ್ ಎಷ್ಟೇ ತಿರುಗಿಸಿ, ಎಂಜಿನ್‌ಗೆ ಹೋಗೋದು ಅರ್ಧ ಊಟ. ಜೊತೆಗೆ ಈಗ ಬಂಕ್‌ಗಳಲ್ಲಿ ಸಿಗೋದು ನೂರಕ್ಕೆ 20 ಭಾಗ ಎಥನಾಲ್ ಇರೋ ಪೆಟ್ರೋಲ್. ಎಥನಾಲ್‌ನಲ್ಲಿ ಲೀಟರಿಗೆ ಪೆಟ್ರೋಲ್‌ಗಿಂತ ಮೂರನೇ ಒಂದರಷ್ಟು ಕಡಿಮೆ ಶಕ್ತಿ ಇರೋದು, ಹಾಗಾಗಿ ಈ ಮಿಶ್ರಣದಲ್ಲಿ ನೂರಕ್ಕೆ ಆರೇಳು ಭಾಗ ಶಕ್ತಿ ಹುಟ್ಟಿನಿಂದಲೇ ಕಡಿಮೆ. ಹೊಸ ಇಂಜೆಕ್ಷನ್ ಗಾಡಿ ಅದನ್ನು ತಾನೇ ಸರಿ ಮಾಡಿಕೊಳ್ಳುತ್ತೆ. ನಿಮ್ಮ 2014ರ ಕಾರ್ಬುರೇಟರ್ ಹಳೇ ಪೆಟ್ರೋಲ್‌ಗೆ ಕೂರಿಸಿದ್ದು, ಅದು ಸ್ವಲ್ಪ ಒಣಗಿದ ಹಾಗೆ, ಅಂದರೆ ಗಾಳಿ ಜಾಸ್ತಿ ಪೆಟ್ರೋಲ್ ಕಡಿಮೆಯಾಗಿ, ಓಡುತ್ತೆ. ಏರ್ ಸ್ಕ್ರೂ ಸರಿ ಮಾಡಿ, ಟ್ಯೂನ್ ಮಾಡಿಸಬೇಕು. ಮಳೆಗಾಲದಲ್ಲಿ ಗಾಡಿ ಹೊರಗೆ ನಿಲ್ಲಿಸುತ್ತೀರಾದರೆ ಇನ್ನೂ ಹುಷಾರು. ಈ ಪೆಟ್ರೋಲ್ ನೀರು ಎಳೆದುಕೊಳ್ಳುತ್ತೆ, ನಿಮ್ಮ ಮಲೆನಾಡಲ್ಲಿ ನೀರಿಗೇನು ಬರವೇ. ಕಾರ್ಬುರೇಟರ್ ಕೆಳಗಿನ ಡ್ರೈನ್ ಸ್ಕ್ರೂ ಬಿಚ್ಚಿ ಸ್ವಲ್ಪ ಪೆಟ್ರೋಲ್ ಒಂದು ಗಾಜಿನ ಲೋಟಕ್ಕೆ ಬಿಡಿ, ತಳದಲ್ಲಿ ನೀರು ಬೇರೆಯಾಗಿ ನಿಂತರೆ ಟ್ಯಾಂಕ್ ತೊಳೆಸಿ.

ಟ್ಯಾಂಕ್ ಮುಚ್ಚಳದ ಗಾಳಿ ತೂತನ್ನೂ ನೋಡಿ. ಅದು ಕೊಳೆ ಕಟ್ಟಿ ಮುಚ್ಚಿದರೆ ಊರಲ್ಲಿ ಹತ್ತು ನಿಮಿಷದ ಓಡಾಟಕ್ಕೆ ಏನೂ ಆಗಲ್ಲ, ಅರ್ಧ ಗಂಟೆ ಫುಲ್ ಥ್ರಾಟಲ್‌ನಲ್ಲಿ ಹತ್ತುವಾಗ ಪೆಟ್ರೋಲ್ ಇಳಿಯದೆ ಗಾಡಿ ಬಿಕ್ಕಳಿಸುತ್ತೆ. ಗಾಡಿ ಸೋತಾಗ ಬದಿಗೆ ನಿಲ್ಲಿಸಿ ಮುಚ್ಚಳ ತೆರೆಯಿರಿ, ‘ಸುಯ್’ ಅಂತ ಗಾಳಿ ಒಳಗೆ ಎಳೆದುಕೊಂಡರೆ ಅದೇ ಕಾರಣ. ಪಿನ್ನು ಹಾಕಿ ಚೊಕ್ಕ ಮಾಡಿ, ಪುಕ್ಕಟೆ ಕೆಲಸ.

ಇನ್ನು ಡಬಲ್ ಸ್ಟ್ಯಾಂಡ್ ಹಾಕಿ ನ್ಯೂಟ್ರಲ್‌ನಲ್ಲಿ ಹಿಂದಿನ ಚಕ್ರ ಕೈಯಲ್ಲಿ ತಿರುಗಿಸಿ. ಸಲೀಸಾಗಿ ತಿರುಗಬೇಕು. ಬ್ರೇಕ್ ಹಿಡಿದುಕೊಂಡಿದ್ದರೆ, ಚೈನ್ ತಂತಿಯ ಹಾಗೆ ಬಿಗಿದಿದ್ದರೆ ಅಲ್ಲೇ ಗೊತ್ತಾಗುತ್ತೆ. ಮುಂದಿನ ಡಿಸ್ಕ್ ಕ್ಯಾಲಿಪರ್ ಪಿನ್ ತುಕ್ಕು ಹಿಡಿದು ಪ್ಯಾಡ್ ಒತ್ತಿಕೊಂಡೇ ಇರೋದೂ ಮಳೆ ಊರಿನ ಗಾಡಿಗಳಲ್ಲಿ ಮಾಮೂಲಿ.

ಇದೆಲ್ಲ ಸರಿ ಇದ್ದರೆ ಟ್ಯಾಪೆಟ್ (ವಾಲ್ವ್ ಸಂದು) ನೋಡಿಸಿ, ಕಂಪ್ರೆಷನ್ (ಸಿಲಿಂಡರ್ ಒಳಗಿನ ಒತ್ತಡ) ಅಳೆಸಿ. ಗೇಜ್ ಇರೋ ಗ್ಯಾರೇಜಿಗೇ ಹೋಗಿ, ಕಿಕ್ಕರ್ ಒತ್ತಿ ನೋಡಿ ‘ಚೆನ್ನಾಗಿದೆ’ ಅನ್ನುವವರ ಹತ್ತಿರ ಬೇಡ. ಕಂಪ್ರೆಷನ್ ಕಡಿಮೆ ಇದ್ದು ಸೈಲೆನ್ಸರ್‌ನಲ್ಲಿ ನೀಲಿ ಹೊಗೆಯೂ ಬರುತ್ತಿದ್ದರೆ ಪಿಸ್ಟನ್ ರಿಂಗ್, ವಾಲ್ವ್ ಕೆಲಸ ಬಂತು. ಆಗ ನಿಮ್ಮ 15,000 ಅಲ್ಲಿಗೇ ಹೋಗುತ್ತೆ, ಬೇರೆ ಯೋಚನೆಯೇ ಬೇಡ.

ಈಗ ಗೆಳೆಯರ ಪಟ್ಟಿಗೆ ಬರೋಣ.

ಫ್ರೀ ಫ್ಲೋ ಸೈಲೆನ್ಸರ್. ಇದರ ಬಗ್ಗೆ ಮಾತಾಡೋಕೆ ನನಗೆ ಹಕ್ಕಿದೆ, ಯಾಕಂದ್ರೆ ಹುಡುಗನಾಗಿದ್ದಾಗ ನಾನೂ ಇದೇ ದಡ್ಡತನ ಮಾಡಿದವನು. ಜಾವಾ ಫ್ಯಾಕ್ಟರಿ ಇದ್ದ ಊರಿನವರು ನಾವು. 1996ರಲ್ಲಿ ಅದು ಬಾಗಿಲು ಹಾಕಿದ ಮೇಲೂ ಯೆಜ್ಡಿ ಸೈಲೆನ್ಸರ್ ಸದ್ದು ಕೇಳಿದರೆ ಬೀದಿಗೆ ಬಂದು ನೋಡೋ ಜನ. ನನ್ನ ಹತ್ತಿರ ಇದ್ದದ್ದು ಯಮಹಾ ಆರ್‌ಎಕ್ಸ್ 100. ಸೈಲೆನ್ಸರ್ ಒಳಗಿನ ಕೊಳವೆ ಕಿತ್ತು ಬಿಸಾಕಿದೆ. ಏನು ಸದ್ದು ಅಂತೀರಿ, ಗಾಡಿ ಹಾರಿದ ಹಾಗೇ ಅನ್ನಿಸುತ್ತಿತ್ತು. ನಂಜನಗೂಡು ರಸ್ತೆಯಲ್ಲಿ ಗೆಳೆಯನ ಮಾಮೂಲಿ ಆರ್‌ಎಕ್ಸ್ ಜೊತೆ ಪಂದ್ಯ ಕಟ್ಟಿದರೆ ನಾನೇ ಹಿಂದೆ ಬಿದ್ದೆ. ಛಲಕ್ಕೆ ಇನ್ನೂ ಎಳೆದೆ, ಹಿಂದಿನ ಚಕ್ರ ಗಕ್ಕನೆ ನಿಂತಿತು. ಪಿಸ್ಟನ್ ಸೀಜ್, ಅಂದರೆ ಬಿಸಿಗೆ ಒಳಗೇ ಕಚ್ಚಿಕೊಂಡಿತ್ತು. ಬ್ಲಾಕ್ ಹೊತ್ತುಕೊಂಡು ಲೇತ್‌ಗೆ ಹೋಗಿ ಬೋರ್ ಮಾಡಿಸಿದ ದುಡ್ಡು ನಮ್ಮಪ್ಪನ ಜೇಬಿಂದ ಹೋಯಿತು, ಜೊತೆಗೆ ಎರಡು ತಿಂಗಳು ಮನೆಯಲ್ಲಿ ತಲೆ ಎತ್ತೋ ಹಾಗಿರಲಿಲ್ಲ.

ಟೂ ಸ್ಟ್ರೋಕ್‌ನಲ್ಲಿ ಸೈಲೆನ್ಸರ್ ಅಂದರೆ ಎಂಜಿನ್‌ನ ಅರ್ಧ ಭಾಗ, ಅದರ ಕಥೆಯೇ ಬೇರೆ. ನಿಮ್ಮ ಫೋರ್ ಸ್ಟ್ರೋಕ್‌ನಲ್ಲಿ ಅಷ್ಟು ಬೇಗ ಸೀಜ್ ಆಗಲ್ಲ, ಆದರೆ ಲಾಭವೂ ಇಲ್ಲ. ಹೊಗೆ ಸುಲಭಕ್ಕೆ ಹೊರಗೆ ಹೋದರೆ ಅನುಕೂಲ ಆಗೋದು ಎಂಜಿನ್ 8,000, 9,000ದಲ್ಲಿ ತಿರುಗುವಾಗ, ಅದೂ ಚೂರುಪಾರು, ಅದೂ ಕಾರ್ಬುರೇಟರ್ ಒಳಗೆ ಪೆಟ್ರೋಲ್ ಅಳೆದು ಬಿಡೋ ಜೆಟ್ ಬದಲಾಯಿಸಿ ಪೆಟ್ರೋಲ್ ಜಾಸ್ತಿ ಬಿಟ್ಟರೆ. ನಿಮಗೆ ಬೇಕಾಗಿರೋ 4,000ದಿಂದ 6,500ರ ನಡುವೆ ಬಹಳಷ್ಟು ಸಲ ಇದ್ದ ಎಳೆತವೂ ಕಡಿಮೆಯಾಗುತ್ತೆ. ಜೆಟ್ ಬದಲಾಯಿಸದಿದ್ದರೆ ಮಿಶ್ರಣ ಒಣಗಿ ಎಂಜಿನ್ ಬಿಸಿ ಏರುತ್ತೆ, ಥ್ರಾಟಲ್ ಬಿಟ್ಟಾಗ ಪಟಾಕಿ ಸದ್ದು. ಸದ್ದು ಜಾಸ್ತಿಯಾದಾಗ ಮನಸ್ಸು ವೇಗ ಜಾಸ್ತಿ ಅಂದುಕೊಳ್ಳುತ್ತೆ, ಅಷ್ಟೇ. ಗಡಿಯಾರ ಹಿಡಿದು ನೋಡಿದರೆ ಬಣ್ಣ ಬಯಲು.

ಕಾನೂನನ್ನೂ ಇಲ್ಲೇ ಹೇಳಿಬಿಡ್ತೀನಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರು ಕೊಟ್ಟ ಮೂಲ ರೂಪವನ್ನು ಬದಲಾಯಿಸೋ ಹಾಗಿಲ್ಲ, ಸುಪ್ರೀಂ ಕೋರ್ಟ್ ಕೂಡ 2019ರ ಜನವರಿಯಲ್ಲಿ ಇದನ್ನೇ ಎತ್ತಿ ಹಿಡಿದಿದೆ. ಮಾಲೀಕ ಹಾಗೆ ಬದಲಾಯಿಸಿದರೆ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಶಬ್ದ, ಹೊಗೆಯ ನಿಯಮ ಮುರಿದರೆ ಮೊದಲ ಸಲಕ್ಕೇ 10,000ದವರೆಗೆ ಹೋಗಬಹುದು, ಲೈಸೆನ್ಸ್‌ಗೂ ಮೂರು ತಿಂಗಳು ಕುತ್ತು. 80ರಿಂದ 175 ಸಿಸಿ ಬೈಕಿಗೆ ತಯಾರಿಕೆ ಹಂತದಲ್ಲಿ ಇರೋ ಶಬ್ದದ ಮಿತಿ 77 ಡೆಸಿಬಲ್. ಪೊಲೀಸರು ರಸ್ತೆಯಲ್ಲಿ ಸೈಲೆನ್ಸರ್ ಸಾಲಾಗಿ ಜೋಡಿಸಿ ರೋಡ್ ರೋಲರ್ ಹತ್ತಿಸಿದ ಫೋಟೋ ನೀವೂ ನೋಡಿರುತ್ತೀರಿ. ಆರೇಳು ಸಾವಿರದ ಸೈಲೆನ್ಸರ್ ರಸ್ತೆಗೆ ತಗಡಾಗಿ ಅಂಟಿಕೊಂಡಿರುತ್ತೆ, ಪಾಪ ಅನ್ನಿಸುತ್ತೆ, ಆದರೆ ಆ ಬೀದಿಯಲ್ಲಿ ಮಗು ಮಲಗಿಸಿದ ತಾಯಿಯನ್ನು ಕೇಳಿದರೆ ಬೇರೆ ಮಾತು ಬರಬಹುದು.

ತೊಳೆದು ಹಾಕುವ ಏರ್ ಫಿಲ್ಟರ್ ಬಗ್ಗೆ ಎರಡೇ ಮಾತು. ನಿಮ್ಮ ಎಂಜಿನ್‌ಗೆ ಬೇಕಾದಷ್ಟು ಗಾಳಿಯನ್ನು ಶುದ್ಧವಾಗಿರೋ ಮಾಮೂಲಿ ಫಿಲ್ಟರ್ ಆರಾಮಾಗಿ ಬಿಡುತ್ತೆ. ಹಳೇ ಕೊಳಕು ಫಿಲ್ಟರ್ ತೆಗೆದು ದುಬಾರಿ ಫಿಲ್ಟರ್ ಹಾಕಿದವನಿಗೆ ಗಾಡಿ ಹಗುರಾಯಿತು ಅನ್ನಿಸೋದು ನಿಜ, ಇನ್ನೂರು ರೂಪಾಯಿಯ ಹೊಸ ಮಾಮೂಲಿ ಫಿಲ್ಟರ್ ಹಾಕಿದ್ದರೂ ಅಷ್ಟೇ ಹಗುರಾಗುತ್ತಿತ್ತು. ಫಿಲ್ಟರ್ ಡಬ್ಬಿಯನ್ನೇ ಕಿತ್ತು ಹಾಕೋ ಮಹಾನುಭಾವರೂ ಇದ್ದಾರೆ. ಎಸ್ಟೇಟ್ ರಸ್ತೆ ಧೂಳು ನೇರವಾಗಿ ಬೋರ್‌ಗೆ ಹೋದರೆ ಅದು ಉಪ್ಪುಕಾಗದ ಹಾಕಿ ಉಜ್ಜಿದ ಹಾಗೆ.

ಇರಿಡಿಯಂ ಪ್ಲಗ್ ಕೆಟ್ಟದ್ದಲ್ಲ, ಹೆಚ್ಚು ದಿನ ಬಾಳುತ್ತೆ. ಶಕ್ತಿ ಜಾಸ್ತಿ ಕೊಡಲ್ಲ. ಎರಡು ಪ್ಲಗ್ ಗಾಡಿಗೆ ಖರ್ಚೂ ಎರಡರಷ್ಟು. ಹೆಚ್ಚು ಆಕ್ಟೇನ್ ಪೆಟ್ರೋಲ್ ಕಥೆಯೂ ಹೀಗೇ: ಅದು ಟಕಟಕ ತಡೆಯುತ್ತೆ ಹೊರತು ಕುದುರೆ ಹುಟ್ಟಿಸಲ್ಲ. ಟಕಟಕವನ್ನು ನೀವು ಒಂದು ಗೇರ್ ಇಳಿಸಿ ಪುಕ್ಕಟೆ ತಡೆಯಬಹುದು.

ರೇಸಿಂಗ್ ಸಿಡಿಐ ನಿಮಗೆ ಬೇಡವೇ ಬೇಡ. ಅದರ ಕೆಲಸ ಎಂಜಿನ್ ಇನ್ನೂ ಮೇಲಕ್ಕೆ ತಿರುಗೋಕೆ ಬಿಡೋದು, ಕಿಡಿ ಇನ್ನೂ ಬೇಗ ಹೊಡೆಯೋದು. ನೀವು 4,000ದಲ್ಲಿ ಒದ್ದಾಡುತ್ತಿರುವವರು, 10,000ದ ಮೇಲೆ ಏನು ಸಿಕ್ಕರೆ ಏನು? ಕಿಡಿ ಬೇಗ ಬಂದರೆ ನಿಮ್ಮ ಟಕಟಕ ಇನ್ನೂ ಜಾಸ್ತಿಯಾಗುತ್ತೆ.

180ರ ಬ್ಲಾಕ್ ಹಾಕಿಸು ಅಂದ ಗೆಳೆಯ ಮಾತ್ರ ಸುಮ್ನೆ ಬುರುಡೆ ಬಿಟ್ಟಿಲ್ಲ, ಈ ಪಟ್ಟಿಯಲ್ಲಿ ನಿಜವಾಗಿ ಶಕ್ತಿ ಕೊಡೋದು ಅದೊಂದೇ. ಪಲ್ಸರ್ 150ರ ಬೋರ್ 58 ಮಿ.ಮೀ., 180ರದ್ದು 63.5, ಎರಡರ ಸ್ಟ್ರೋಕೂ 56.4. ಅಂದರೆ ಪಿಸ್ಟನ್ ಓಡೋ ದೂರ ಒಂದೇ, ಅಗಲ ಮಾತ್ರ ಬೇರೆ, ಅದಕ್ಕೇ ಜನ ಇದನ್ನು ಮಾಡೋದು. ಸಿಸಿ 149ರಿಂದ 178ಕ್ಕೆ ಹೋಗುತ್ತೆ, ಐದನೇ ಒಂದು ಪಾಲು ಜಾಸ್ತಿ. ಆದರೆ ದಪ್ಪ ಬ್ಲಾಕ್ ಕೂರಬೇಕಾದರೆ ಕ್ರ್ಯಾಂಕ್ ಕೇಸ್ ಬಾಯಿ ಲೇತ್‌ನಲ್ಲಿ ಅಗಲ ಮಾಡಿಸಬೇಕು, ಒಮ್ಮೆ ಮಾಡಿದರೆ ವಾಪಸ್ ಇಲ್ಲ. ಹೆಡ್, ಕಾರ್ಬುರೇಟರ್ ಜೆಟ್ ಎಲ್ಲ ಹೊಂದಿಸಬೇಕು. 62,000 ಕಿ.ಮೀ. ಓಡಿದ ಕ್ರ್ಯಾಂಕ್ ಬೇರಿಂಗ್, ಗೇರ್‌ಬಾಕ್ಸ್ ಆ ಹೊಸ ಭಾರವನ್ನು ಎಷ್ಟು ದಿನ ಹೊರುತ್ತೆ ಅನ್ನೋದು ದೇವರಿಗೇ ಗೊತ್ತು. ಆಮೇಲೆ ಆರ್‌ಸಿಯಲ್ಲಿ 149 ಸಿಸಿ ಅಂತಿದೆ, ಕೆಳಗೆ 178 ಇದೆ. ಅಪಘಾತ ಆಗಿ ಇನ್ಶೂರೆನ್ಸ್ ಸರ್ವೇಯರ್ ಬಿಚ್ಚಿ ನೋಡಿದ ದಿನ ಕ್ಲೇಮ್ ಕೈಗೆ ಸಿಗೋದು ಕಷ್ಟ. ಇಷ್ಟೆಲ್ಲ ಮಾಡಿ ಸಿಗೋದು ಒಂದು ಹಳೇ ಪಲ್ಸರ್ 180. ನಿಮ್ಮ ಗಾಡಿ ಮಾರಿ, ಆ 15,000ಕ್ಕೆ ಇನ್ನೊಂದಿಷ್ಟು ಸೇರಿಸಿ, ಚೆನ್ನಾಗಿರೋ ಸೆಕೆಂಡ್ ಹ್ಯಾಂಡ್ 180 ಅಥವಾ 220 ತಗೊಂಡರೆ ಬ್ರೇಕು, ಟಯರು, ಕಾಗದ ಎಲ್ಲ ಅದಕ್ಕೆ ತಕ್ಕ ಹಾಗೇ ಬರುತ್ತೆ ಅಲ್ವಾ? ಮಾವನ ಗಾಡಿ ಅನ್ನೋ ಮಮತೆ ಇದ್ದರೆ ಅದು ಬೇರೆ ವಿಷಯ, ಅದಕ್ಕೆ ನಾನು ಬೆಲೆ ಕಟ್ಟಲ್ಲ.

ಉಳಿದದ್ದು ಸ್ಪ್ರಾಕೆಟ್. ಮೂರನೇ ಗೆಳೆಯನಿಗೆ ಒಂದು ಕಾಫಿ ಕೊಡಿಸಿ.

ಇದು ಶಕ್ತಿ ಹೆಚ್ಚಿಸಲ್ಲ, ಇರೋದನ್ನು ನಿಮಗೆ ಬೇಕಾದ ಕಡೆ ತಂದುಕೊಡುತ್ತೆ. ಉದಾಹರಣೆಗೆ ಮುಂದೆ 15 ಹಲ್ಲು, ಹಿಂದೆ 45 ಇದೆ ಅಂದುಕೊಳ್ಳಿ, ಎಂಜಿನ್ ಬದಿಯ ಹಲ್ಲುಗಾಲಿ ಮೂರು ಸುತ್ತು ತಿರುಗಿದರೆ ಚಕ್ರ ಒಂದು ಸುತ್ತು. ಮುಂದಿನದನ್ನು 14 ಮಾಡಿದರೆ ಅದು 3.21 ಆಗುತ್ತೆ. ಪ್ರತಿ ಗೇರಿನಲ್ಲೂ ಚಕ್ರದ ಎಳೆತ ನೂರಕ್ಕೆ ಏಳರಷ್ಟು ಜಾಸ್ತಿ. ಹಿಂದಿನದನ್ನು ಮೂರು ಹಲ್ಲು ದೊಡ್ಡದು ಮಾಡಿದರೂ ಹೆಚ್ಚುಕಮ್ಮಿ ಇದೇ ಫಲ, ಚೈನ್ ಮಾತ್ರ ಉದ್ದ ಬೇಕಾಗುತ್ತೆ. ನಿಮ್ಮ ಗಾಡಿಯಲ್ಲಿ ಈಗ ಎಷ್ಟು ಹಲ್ಲಿದೆ ಅಂತ ಎಣಿಸಿಯೇ ಮುಂದುವರಿಯಿರಿ, ಹಿಂದಿನವರು ಏನಾದರೂ ಬದಲಾಯಿಸಿರಲೂಬಹುದು.

ಘಾಟಿಯಲ್ಲಿ ಇದರ ಉಪಯೋಗ ಕೂತವರಿಗೇ ಗೊತ್ತು. ಮೂರನೇ ಗೇರ್ ಸ್ವಲ್ಪ ಭಾರ, ಎರಡನೆಯದು ತೀರಾ ಚಿಕ್ಕದು ಅನ್ನೋ ತಿರುವುಗಳಲ್ಲಿ ಮೂರನೆಯದೇ ಸಾಕಾಗುತ್ತೆ. ಕಳೆದುಕೊಳ್ಳೋದೂ ಇದೆ. ಉಪ್ಪಿನಂಗಡಿ ದಾಟಿ ಮಂಗಳೂರು ಕಡೆ ಸಪಾಟು ರಸ್ತೆಯಲ್ಲಿ 80ರಲ್ಲಿ ಹೋಗುವಾಗ ಎಂಜಿನ್ ಮೊದಲಿಗಿಂತ ಏಳು ಪರ್ಸೆಂಟ್ ಜಾಸ್ತಿ ತಿರುಗುತ್ತೆ, ಕೈಗೆ ನಡುಕ ಬರುತ್ತೆ, ಮೈಲೇಜ್ ಎರಡು ಮೂರು ಇಳಿಯಬಹುದು. ಚಿಕ್ಕ ಹಲ್ಲುಗಾಲಿಗೆ ಚೈನ್ ಜಾಸ್ತಿ ಬಾಗಬೇಕು, ಹಾಗಾಗಿ ಸವೆತವೂ ಜಾಸ್ತಿ. ಸ್ವಿಂಗ್ ಆರ್ಮ್ ಮೇಲಿನ ರಬ್ಬರ್ ಪಟ್ಟಿಗೆ ಚೈನ್ ತಿಕ್ಕುತ್ತಿದೆಯಾ ಅಂತ ನೋಡಿಸಿ. ಒಂದು ಹಲ್ಲು ಸಾಕು, ಎರಡು ಕಡಿಮೆ ಮಾಡಿದರೆ ಊರಲ್ಲಿ ಗಾಡಿ ಹೊಲಿಗೆ ಮಷಿನ್ ಆಗುತ್ತೆ. ಹಳೇ ಚೈನ್‌ಗೆ ಹೊಸ ಹಲ್ಲುಗಾಲಿ ಹಾಕಬೇಡಿ, ಸವೆದ ಚೈನ್ ಹೊಸ ಹಲ್ಲನ್ನು ತಿಂಗಳೊಪ್ಪತ್ತಿನಲ್ಲಿ ತಿಂದುಹಾಕುತ್ತೆ. ಪೂರ್ತಿ ಕಿಟ್ ಹಾಕಿಸಿ, ಒಂದೂವರೆ ಎರಡು ಸಾವಿರದೊಳಗೆ ಆಗುತ್ತೆ. ಇಷ್ಟವಾಗದಿದ್ದರೆ ಅರ್ಧ ಗಂಟೆಯಲ್ಲಿ ಹಳೇ ಲೆಕ್ಕಕ್ಕೆ ವಾಪಸ್ ಬರಬಹುದು, 180ರ ಬ್ಲಾಕ್‌ಗೆ ಈ ಅನುಕೂಲ ಇಲ್ಲ.

ಇನ್ನು ನೀವು ಕೇಳದೇ ಇದ್ದದ್ದು. ‘ಇಳಿಯುವಾಗ ತೊಂದರೆ ಇಲ್ಲ’ ಅಂತ ನೀವು ಹೇಳುವುದಾದರೆ, ನನಗೆ ಅಲ್ಲೇ ಭಯ. ಹತ್ತುವಾಗ ಗಾಡಿ ಸೋತರೆ ನಿಧಾನ ಆಗುತ್ತೆ, ಅಷ್ಟೇ. ಇಳಿಯುವಾಗ ಬ್ರೇಕ್ ಸೋತರೆ ಅಷ್ಟಕ್ಕೇ ಮುಗಿಯಲ್ಲ. ನಿಮ್ಮ ಗಾಡಿಗೆ ಹಿಂದೆ ಇರೋದು 130 ಮಿ.ಮೀ. ಡ್ರಮ್. 285 ಕೆ.ಜಿ. ಹೊತ್ತು ಉದ್ದಕ್ಕೂ ಅದನ್ನೇ ಒತ್ತಿ ಇಳಿದರೆ ಬಿಸಿಯಾಗಿ ಹಿಡಿತ ಬಿಡುತ್ತೆ. ಯಾವ ಗೇರಿನಲ್ಲಿ ಹತ್ತುತ್ತೀರೋ ಅದೇ ಗೇರಿನಲ್ಲಿ ಇಳಿಯಿರಿ, ಎಂಜಿನ್ ಹಿಡಿದುಕೊಳ್ಳಲಿ. ಮುಂದಿನ ಪ್ಯಾಡ್, ಹಿಂದಿನ ಬ್ರೇಕ್ ಶೂ ಹೊಸದು ಹಾಕಿಸಿ, ಬ್ರೇಕ್ ಆಯಿಲ್ ಬದಲಾಯಿಸಿ. ಮಳೆ ಊರಲ್ಲಿ ಆ ಆಯಿಲ್ ನೀರು ಕುಡಿದು ಕಂದು ಬಣ್ಣಕ್ಕೆ ತಿರುಗಿರುತ್ತೆ, ಎರಡು ವರ್ಷಕ್ಕೊಮ್ಮೆಯಾದರೂ ಬದಲಾಗಬೇಕು.

ಟಯರ್ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತೆ, 1719 ಅಂತಿದ್ದರೆ 2019ರ 17ನೇ ವಾರದಲ್ಲಿ ಮಾಡಿದ್ದು ಅಂತ. ಆರು ವರ್ಷ ದಾಟಿದ್ದರೆ ಹೂವು (ಮೇಲಿನ ಗೀರು) ಎಷ್ಟೇ ಉಳಿದಿರಲಿ, ರಬ್ಬರ್ ಗಟ್ಟಿಯಾಗಿ ಒದ್ದೆ ರಸ್ತೆಯಲ್ಲಿ ಜಾರುತ್ತೆ. ಅದೇ ಅಳತೆಯ ಒಳ್ಳೆ ಟಯರ್ ಹಾಕಿಸಿ. ಹಿಂದೆ 120ರ ದಪ್ಪ ಟಯರ್ ಹಾಕಿಸುವ ಹುಚ್ಚು ಬೇಡ, ತೂಕ ಜಾಸ್ತಿ, ತಿರುವಿನಲ್ಲಿ ಗಾಡಿ ಮಾತು ಕೇಳಲ್ಲ, ಎಳೆತ ಇನ್ನೂ ಕಡಿಮೆ. ಹಿಂದಿನ ಶಾಕ್ ಅಬ್ಸಾರ್ಬರ್ ಡಬಲ್ಸ್ ಕೂತಾಗ ಪೂರ್ತಿ ಕುಗ್ಗುತ್ತಿದ್ದರೆ ಹೊಂಡ ಬಂದಾಗೆಲ್ಲ ಮೊದಲ ಏಟು ಹಿಂದೆ ಕೂತವರ ಸೊಂಟಕ್ಕೇ. ನಿಮ್ಮ ಮನೆಯವರನ್ನೇ ಒಂದು ಮಾತು ಕೇಳಿ ನೋಡಿ.

ದುಡ್ಡಿನ ಲೆಕ್ಕ ನಾನು ಹಾಕಿದರೆ ಹೀಗೆ. ಟ್ಯೂನಿಂಗ್, ಎರಡು ಪ್ಲಗ್, ಫಿಲ್ಟರ್, ಆಯಿಲ್, ಕಾರ್ಬುರೇಟರ್ ಕೆಲಸ ಎಲ್ಲ ಸೇರಿ ಎರಡೂವರೆಯಿಂದ ಮೂರು ಸಾವಿರ, ಡಯಾಫ್ರಂ ಹೋಗಿದ್ದರೆ ಇನ್ನೊಂದು ಸಾವಿರ. ಕ್ಲಚ್ ಬೇಕಾದರೆ ಕೂಲಿ ಸೇರಿ ಎರಡು ಸಾವಿರದ ಒಳಗೆ. ಬ್ರೇಕ್ ಕೆಲಸ ಒಂದು ಸಾವಿರ. ಎರಡೂ ಟಯರ್ ಐದು ಸಾವಿರದ ಮೇಲೆ ಕೆಳಗೆ. ಚೈನ್ ಕಿಟ್ ಎರಡು. ಇದು ಹದಿನಾಲ್ಕು. ಊರೂರಿಗೆ ಬೆಲೆ ಸ್ವಲ್ಪ ಹೆಚ್ಚುಕಮ್ಮಿ ಆಗುತ್ತೆ. ಎಲ್ಲವನ್ನೂ ಒಂದೇ ದಿನ ಮಾಡಿಸಬೇಡಿ. ಬ್ರೇಕ್, ಟಯರ್ ಮೊದಲು, ಮುಂದಿನ ಸಲ ಘಾಟಿ ಇಳಿಯೋ ಮುಂಚೆಯೇ. ಆಮೇಲೆ ಟ್ಯೂನಿಂಗ್ ಮಾಡಿಸಿ, ಒಂದು ಸಲ ಘಾಟಿ ಹತ್ತಿ ಬನ್ನಿ, ಅದೇ ಬ್ಯಾಗು, ಅದೇ ಇಬ್ಬರು, ಮೂರನೇ ಗೇರು, 6,000 ಆರ್‌ಪಿಎಂ. ಹೆಚ್ಚಿನವರಿಗೆ ಅಲ್ಲೇ ಸಮಾಧಾನ ಆಗುತ್ತೆ, ಸ್ಪ್ರಾಕೆಟ್ ದುಡ್ಡು ಉಳಿಯುತ್ತೆ. ಸಾಲದು ಅನ್ನಿಸಿದರೆ ಆಗ 14 ಹಲ್ಲು ಹಾಕಿಸಿ.

ಬಿಎಸ್6 ಗಾಡಿ ಇರುವವರು ಇದನ್ನು ಓದುತ್ತಿದ್ದರೆ, 2020ರ ಏಪ್ರಿಲ್ ನಂತರದ ಇಂಜೆಕ್ಷನ್ ಗಾಡಿಗಳಿಗೆ ಸ್ಪ್ರಾಕೆಟ್, ಟಯರ್, ಬ್ರೇಕ್ ಮಾತು ಹಾಗೇ ಹೊಂದುತ್ತೆ. ಕಾರ್ಬುರೇಟರ್ ಮಾತು ಬಿಡಿ. ಸೈಲೆನ್ಸರ್ ಬದಲಾಯಿಸಿದರೆ ಅದರ ಸೆನ್ಸರ್ ಗೊಂದಲಕ್ಕೆ ಬಿದ್ದು ಎಂಜಿನ್ ಲೈಟ್ ಹತ್ತಬಹುದು, ವಾರಂಟಿಯೂ ಹೋಗಬಹುದು.

ಸಕಲೇಶಪುರದವರೇ, ಪ್ಲಗ್ ಎರಡೂ ಬಿಚ್ಚಿದಾಗ ತುದಿಯ ಬಣ್ಣ ನೋಡಿಕೊಳ್ಳಿ. ಎರಡೂ ಇಟ್ಟಿಗೆ ಬಣ್ಣಕ್ಕಿದ್ದರೆ ಸರಿ. ಒಂದು ಇಟ್ಟಿಗೆ ಬಣ್ಣ, ಇನ್ನೊಂದು ಕಾಡಿಗೆ ಹಚ್ಚಿದ ಹಾಗೆ ಕಪ್ಪಗೆ ಒದ್ದೆಯಾಗಿದ್ದರೆ ಮೆಕ್ಯಾನಿಕ್‌ಗೆ ಅದನ್ನು ಕೈಗೆ ಕೊಟ್ಟು ತೋರಿಸಿ, ಆ ಬದಿಯ ಕಾಯಿಲ್ ನೋಡದೆ ಗಾಡಿ ವಾಪಸ್ ತರಬೇಡಿ.